ಕಾಜಾ ಆಂಟಿಯ ಹೊಸ ಮೆಷಿನ್

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಆದರೆ ಅವತ್ತು ಕಾಜಾ ಆಂಟಿಯ ಮನೆಯಲ್ಲಿ ಆ ಮೆಷಿನ್ ನೋಡಿದಾಗ ಕೋಪ ಬರುವುದಿರಲಿ, ಹತ್ತಿರ ಹೋಗಿ ಅದರ ಹೆಸರನ್ನು ಎರಡು ಸಲ ಓದಿಕೊಂಡೆ. ಕಿಟಕಿಯ ಪಕ್ಕ, ಅವರು ಯಾವಾಗಲೂ ಕೂರುವ ಜಾಗದಲ್ಲಿ, ಬೆಳ್ಳಗಿನ ಹೊಸ ಹೊಲಿಗೆ ಮೆಷಿನ್ ಜಂಬದಿಂದ ಕೂತಿತ್ತು. ಇದನ್ನು ಯಾರೂ ಕೊಳ್ಳಬೇಡಿ ಎಂದು ನನ್ನ ವೆಬ್‌ಸೈಟಿನಲ್ಲಿ ನಾನು ಬಾಯಿ ಬಡಿದುಕೊಂಡಿದ್ದೆನಲ್ಲ, ಅದೇ ಮೆಷಿನ್.

ಕಾಜಾ ಆಂಟಿಗೆ ಆ ಹೆಸರು ಬಂದದ್ದು ಅವರ ಕೆಲಸದಿಂದ. ಅಂಗಿ ಹೊಲಿಯುವ ಅಂಗಡಿಗಳವರು ಗುಂಡಿ ತೂರಿಸುವ ಕಾಜಾ ಹಾಕಿಸಲು ಇವರ ಮನೆಗೇ ಅಂಗಿ ಕಳಿಸುತ್ತಿದ್ದರು. ಈಗ ಒಂದು ಕಣ್ಣು ಮಂಜಾಗಿದೆ, ಸೂಜಿಗೆ ನೂಲು ಪೋಣಿಸುವುದೇ ದೊಡ್ಡ ಸಾಹಸ. ಕಾಜಾ ಹಾಕುವ ಮೆಷಿನ್ ಒಂದಿದ್ದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಮಗನ ಮುಂದೆ ಕೈ ಚಾಚಬೇಕು. ಮಹಾ ಅನುಮಾನದ ಹೆಂಗಸು. ಅಂಗಡಿಯವನು ಕೊಟ್ಟ ನೂಲನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡದೆ ತೆಗೆದುಕೊಳ್ಳುವವರಲ್ಲ. ಸ್ವಂತ ಮಗ ತಂದ ಗುಂಡಿಯನ್ನೂ ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ನಾನು ಕೊಟ್ಟದ್ದನ್ನು ಮಾತ್ರ ನೋಡದೆಯೇ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದರು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

"ನೋಡೇ, ನೀನು ಹೇಳಿದ್ದನ್ನೇ ತರಿಸಿದೀನಿ. ಆದ್ರೆ ಯಾಕೋ ಕಾಜಾ ಅರ್ಧಕ್ಕೇ ಸಿಕ್ಕಾಕೊಳ್ಳುತ್ತೆ. ನಂಗೆ ಓಡ್ಸೋಕೆ ಬರ್ತಿಲ್ಲ ಅನ್ಸುತ್ತೆ, ಸ್ವಲ್ಪ ತೋರ್ಸು" ಎಂದರು.

ಮೆಷಿನ್ನಿನ ಬಾಯಲ್ಲಿ ಯಾರದೋ ಹೊಸ ಅಂಗಿ ಸಿಕ್ಕಿಕೊಂಡಿತ್ತು. ಬಟ್ಟೆ ಮುದುಡಿ, ನೂಲು ಗಂಟಾಗಿ, ಸೂಜಿ ಒಂದೇ ಕಡೆ ಕುಕ್ಕಿ ತೂತು ಮಾಡಿತ್ತು. ಹಿಂದಿನ ವಾರ ಇನ್ನೆರಡು ಅಂಗಿ ಹೀಗೇ ಹಾಳಾಗಿದ್ದವಂತೆ, ಅಂಗಡಿಯವನು ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಹೋಗಿದ್ದನಂತೆ. ಇಷ್ಟಾದರೂ ಆಂಟಿಗೆ ಮೆಷಿನ್ ಮೇಲೆ ಅನುಮಾನವಿಲ್ಲ, ತಮ್ಮ ಕೈ ಮೇಲೆ ಅನುಮಾನ. ಏಕೆಂದರೆ ಹೇಳಿದವಳು ನಾನು.

ನಾನೆಲ್ಲಿ ಹೇಳಿದೆ ಎಂದು ಕೇಳಿದೆ. ಫೋನ್ ಮುಂದೆ ಹಿಡಿದರು. ನನ್ನದೇ ಪುಟ, ಮೇಲೆ ನನ್ನದೇ ಫೋಟೋ. 'ಕಾಜಾ ಹಾಕಲು ಈ ಮೆಷಿನ್ ತೆಗೆದುಕೊಳ್ಳಬೇಡಿ, ದಪ್ಪ ಬಟ್ಟೆ ಸಿಕ್ಕರೆ ನಿಂತುಬಿಡುತ್ತದೆ' ಎಂದು ನಾನು ಬರೆದಿದ್ದ ಜಾಗದಲ್ಲಿ 'ಕಾಜಾ ಹಾಕುವವರು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ' ಎಂದಿತ್ತು. ಕೆಳಗೆ ಮೆಷಿನ್ ಮಾರುವ ಆನ್‌ಲೈನ್ ಅಂಗಡಿಯ ಲಿಂಕ್. ಅಂಥ ಲಿಂಕಿನ ಬಾಲದಲ್ಲಿ ಮಾರಿಸಿದವರ ಗುರುತಿನ ಅಕ್ಷರಗಳಿರುತ್ತವೆ, ಕಮಿಷನ್ ಅವರ ಖಾತೆಗೆ ಹೋಗಲಿ ಎಂದು. ಅಲ್ಲಿದ್ದದ್ದು ನನ್ನ ಅಕ್ಷರಗಳಲ್ಲ. ಅಕ್ಕನವು. ಅವಳಿಗೆ ಆ ಖಾತೆ ತೆರೆದುಕೊಟ್ಟವಳು ನಾನೇ, ಮರೆಯುವುದು ಹೇಗೆ?

ಆಮೇಲೆ ಬರುತ್ತೇನೆ, ಅಲ್ಲಿಯವರೆಗೆ ಇದನ್ನು ಮುಟ್ಟಬೇಡಿ ಎಂದು ಆಂಟಿಗೆ ಹೇಳಿ ಅಕ್ಕನ ಮನೆಯ ಕಡೆ ಹೊರಟೆ.

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಊಟ ಕಟ್ಟಿ ಶಾಲೆಗೆ ಕಳಿಸಿದವಳು ಅಕ್ಕ. ಅವಳು ಹಾಕಿದ ಗೆರೆ ನಾನು ದಾಟಿದವಳಲ್ಲ. ಅವಳು ನೆಟ್‌ವರ್ಕ್ ಮಾರ್ಕೆಟಿಂಗಿಗೆ ಬಾ ಎಂದಾಗಲೂ ಹಿಂದೆ ಮುಂದೆ ನೋಡದೆ ಹೋದೆ. ಮಂಡಿನೋವಿನಿಂದ ಹಿಡಿದು ಕೂದಲು ಉದುರುವುದರವರೆಗೆ ಎಲ್ಲಕ್ಕೂ ಒಂದೇ ಪುಡಿ. ನಾನು ಇಬ್ಬರನ್ನು ತರಬೇಕು, ಆ ಇಬ್ಬರು ಮತ್ತಿಬ್ಬರನ್ನು ತರಬೇಕು, ಕೆಳಗಿನವರು ಮಾರಿದ್ದರಲ್ಲಿ ಮೇಲಿನವರಿಗೆ ಪಾಲು. ಕಂಡಕಂಡವರಿಗೆ ಗಂಟು ಬಿದ್ದೆ. ಚಿಕ್ಕಪ್ಪ ನನ್ನನ್ನು ದೂರದಿಂದ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಒಬ್ಬ ಗೆಳತಿಯಂತೂ ಮಗುವಿನ ಬಾಯಲ್ಲಿ 'ಅಮ್ಮ ಮನೇಲಿಲ್ಲ' ಅನ್ನಿಸಿದಳು. ಬಾಗಿಲ ಸಂದಿನಲ್ಲಿ ಅವಳ ಪಾದ ಕಾಣುತ್ತಿತ್ತು. ಆ ಪಾದ ನೋಡಿಕೊಂಡು ಮನೆಗೆ ಬಂದವಳು ಪುಡಿಯ ಡಬ್ಬಗಳನ್ನೆಲ್ಲ ಅಕ್ಕನಿಗೆ ವಾಪಸ್ ಕೊಟ್ಟು, ನನ್ನಿಂದಾಗದು ಎಂದುಬಿಟ್ಟೆ.

ಆಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಮೊದಲು ಇಸ್ತ್ರಿ ಅಂಗಡಿಯವನಿಗೆ ಒಂದು, ಹಲ್ಲಿನ ಡಾಕ್ಟರಿಗೆ ಒಂದು ಮಾಡಿಕೊಟ್ಟೆ. ಕೊನೆಗೆ ನನಗಾಗಿಯೇ ಒಂದು, ಬರೀ ಹೊಲಿಗೆ ಮೆಷಿನ್‌ಗಳದ್ದು. ರಿಪೇರಿಯವನ ಅಂಗಡಿಯಲ್ಲಿ ಕೂತು ಒಂದೊಂದನ್ನೂ ನಾನೇ ಓಡಿಸಿ ನೋಡುತ್ತಿದ್ದೆ. ಒಳ್ಳೆಯದನ್ನು ಒಳ್ಳೆಯದು ಎಂದೆ, ದರಿದ್ರದ್ದನ್ನು ದರಿದ್ರದ್ದು ಎಂದೆ. ಓದಿದವರು ನನ್ನ ಲಿಂಕಿನಿಂದ ಕೊಂಡರೆ ಅಂಗಡಿ ನನಗೆ ಕಮಿಷನ್ ಕೊಡುತ್ತದೆ. ಇದಕ್ಕೇ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಬಂದದ್ದು ಅಷ್ಟಕ್ಕಷ್ಟೆ. ಆದರೆ ನನಗೆ ಬೇಕಿದ್ದದ್ದು ಬೇರೆ. ನಾನು ಒಂದು ಮಾತು ಹೇಳಿದರೆ ಜನ ಮತ್ತೆ ನಂಬಬೇಕಿತ್ತು. ಯಾರ ಬಾಗಿಲೂ ತಟ್ಟಬೇಕಿಲ್ಲ, ಅವರಾಗಿಯೇ ಬರುತ್ತಾರೆ, ಹೇಗಿದೆ ಎಂದು ಕೇಳುತ್ತಾರೆ. ಮೊದಲು ಬಂದು ಕೇಳಿದವರು ಕಾಜಾ ಆಂಟಿ.

ಡಬ್ಬ ವಾಪಸ್ ಕೊಟ್ಟ ಮೇಲೆ ಮಾತು ಬಿಟ್ಟಿದ್ದ ಅಕ್ಕ ಒಂದು ಮಧ್ಯಾಹ್ನ ತಾನಾಗಿಯೇ ಬಂದಳು. ನಂಗೂ ಸಾಕಾಗಿದೆ ಕಣೆ, ನಿನ್ನ ಕೆಲಸ ನಂಗೂ ಕಲಿಸು ಎಂದಳು. ನಾನು ಕರಗಿ ನೀರಾದೆ. ಪಕ್ಕದಲ್ಲಿ ಕೂರಿಸಿಕೊಂಡು ಫೋಟೋ ಬದಲಿಸುವುದು, ಲಿಂಕ್ ಸೇರಿಸುವುದು ಎಲ್ಲ ತೋರಿಸಿದೆ. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ನನ್ನ ಸೈಟಿನ ಪಾಸ್‌ವರ್ಡನ್ನೂ ಕೊಟ್ಟೆ. ಕತ್ತು ಕೊಯ್ಯಲು ಕತ್ತಿಯನ್ನೂ ನಾನೇ ಮಸೆದುಕೊಟ್ಟ ಹಾಗಾಯಿತು.

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಪುಡಿಯ ರಟ್ಟಿನ ಪೆಟ್ಟಿಗೆಗಳು ಕಿಟಕಿಯವರೆಗೆ ಏರಿದ್ದವು. ಸಾಕಾಗಿದೆ ಅಂದಿದ್ದು ಯಾವ ಬಾಯಿ? ಗೋಡೆಗೆ ಒರಗಿಸಿದ್ದ ಬಿಳಿ ಹಲಗೆಯ ಮೇಲೆ ಅವಳ ನೆಟ್‌ವರ್ಕಿನ ಚಿತ್ರ. ಮೇಲೊಂದು ವೃತ್ತ ಅವಳದ್ದು, ಕೆಳಗಿನ ಎರಡರಲ್ಲಿ ಒಂದು ನನ್ನದು. ಅಳಿಸಿರಲೇ ಇಲ್ಲ. ನನ್ನ ವೃತ್ತದ ಕೆಳಗೆ ಹೊಸದಾಗಿ ಇನ್ನೊಂದು ಬರೆದಿದ್ದಳು. ಅದರೊಳಗೆ 'ವೆಬ್‌ಸೈಟ್' ಎಂದಿತ್ತು.

ನನ್ನ ಪುಟ ಬದಲಿಸಿದ್ದು ನೀನಾ ಎಂದು ಕೇಳಿದೆ. ಆಣೆ ಪ್ರಮಾಣ ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಿಧಾನವಾಗಿ ಪೆಟ್ಟಿಗೆಯ ಮೇಲಿದ್ದ ಬಟ್ಟೆ ತೆಗೆದು ನನಗೆ ಕೂರಲು ಜಾಗ ಮಾಡಿಕೊಟ್ಟಳು. ನಾನು ಕೂರಲಿಲ್ಲ.

"ಹೌದು, ನಾನೇ ಬದಲಾಯಿಸಿದ್ದು. ಅದ್ರಲ್ಲೇನಿದೆ? ನೀನು ಬಿಟ್ಟಿದ್ದು ಆ ಕಂಪನೀನ, ನನ್ನನ್ನಲ್ಲವಲ್ಲ. ನಿನ್ನನ್ನ ಮಾರೋ ಕೆಲಸಕ್ಕೆ ತಂದೋಳು ನಾನು. ನಿನ್ನ ಕೆಳಗೆ ಏನು ಬೆಳೆದ್ರೂ ಅದ್ರಲ್ಲಿ ನಂಗೆ ಪಾಲಿದೆ."

ಅವಳು ನಾಟಕ ಆಡುತ್ತಿರಲಿಲ್ಲ. ನಿಜವಾಗಿ ಹಾಗೇ ನಂಬಿದ್ದಳು. ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು. ಲಿಂಕ್ ಹಾಳಾಗಿ ಹೋಗಲಿ, ಕಮಿಷನ್ನೂ ನೀನೇ ತಿನ್ನು, ನನ್ನ ಮಾತನ್ನು ಯಾಕೆ ತಿರುಚಿದೆ ಎಂದು ಕೇಳಿದೆ.

"ಆ ಮೆಷಿನ್‌ಗೆ ಕಮಿಷನ್ ಜಾಸ್ತಿ ಕಣೆ. ಅದನ್ನ ನಾನು ಹೇಳಿದ್ರೆ ಯಾರು ನಂಬ್ತಾರೆ? ನನ್ನ ಮುಖ ಕಂಡ್ರೇನೆ ಬಾಗಿಲು ಹಾಕ್ಕೋತಾರೆ. ನಿನ್ನ ಹೆಸರಾದ್ರೆ ನಂಬ್ತಾರೆ."

ಅಷ್ಟು ಹೊತ್ತು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದಿದ್ದೆ. ಅದರ ಬದಲು ಹಲಗೆ ಒರೆಸುವ ಬಟ್ಟೆ ತೆಗೆದುಕೊಂಡು ನನ್ನ ವೃತ್ತ ಅಳಿಸಿದೆ, ಅದರ ಕೆಳಗಿನದನ್ನೂ ಅಳಿಸಿದೆ. ನಾನು ಮೆಟ್ಟಿಲು ಇಳಿಯುವಾಗ, ಊಟ ಮಾಡಿದೆಯಾ ಎಂದು ಒಳಗಿನಿಂದ ಕೇಳಿದಳು. ಅವಳು ಇನ್ನೇನು ಕೇಳಿದ್ದರೂ ನಾನು ಅಳುತ್ತಿರಲಿಲ್ಲ.

ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿದೆ. ಪುಟವನ್ನು ಸರಿಮಾಡಿ, ಈ ಮೆಷಿನ್ ಬಗ್ಗೆ ಇಲ್ಲಿದ್ದ ಹೊಗಳಿಕೆ ನನ್ನದಲ್ಲ, ಸುಳ್ಳು ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಕಾಜಾ ಆಂಟಿಯ ಮೆಷಿನ್ ವಾಪಸ್ ಕಳಿಸುವ ಗಡುವು ಮುಗಿದಿತ್ತು. ಅವರ ಕೆಲಸ ಹೋಗಲು ಬಿಡುವಂತಿರಲಿಲ್ಲ. ನನ್ನ ಸ್ವಂತ ಮೆಷಿನ್ನನ್ನು, ಸೈಟಿನ ಫೋಟೋದಲ್ಲಿರುವುದನ್ನೇ, ಎದೆಗೆ ಅವಚಿಕೊಂಡು ಅವರ ಮನೆಗೆ ಹೊತ್ತೊಯ್ದೆ. ತೋಳು ಬಿದ್ದುಹೋಗುವಷ್ಟು ಭಾರ.

ನಡೆದದ್ದನ್ನೆಲ್ಲ ಹೇಳಿದೆ. ಆಂಟಿ ಬೈಯಲಿಲ್ಲ. ಪೂರ್ತಿ ಕೇಳಿಸಿಕೊಂಡು, ನಿಮ್ಮಕ್ಕ ಮಾಡಿದ್ದು ಅಂತೀಯ, ಸರಿ ಬಿಡಮ್ಮ ಎಂದರು. ಬೆಳ್ಳಗಿನ ಮೆಷಿನ್ ಸರಿಸಿ ನನ್ನದನ್ನು ಕಿಟಕಿಯ ಪಕ್ಕ ಇಟ್ಟೆ. ನಾನೇ ನೂಲು ಪೋಣಿಸಿ ಕೊಟ್ಟೆ.

"ಆಂಟಿ, ಇದು ಕಾಜಾ ಚೆನ್ನಾಗಿ ಹಾಕುತ್ತೆ. ನನ್ನ ಮಾತು ನಂಬಿ" ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ನಾನು ಪೋಣಿಸಿದ್ದ ನೂಲಿನ ತುದಿಯನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡಿದರು. ಚೂರು ಬಟ್ಟೆಯೊಂದನ್ನು ಹುಡುಕಿ ತೆಗೆದು, ಮಡಿಸಿ ದಪ್ಪ ಮಾಡಿ, ಒಂದು ಕಾಜಾ ಹಾಕಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಚೆನ್ನಾಗಿರುವ ಕಣ್ಣಿನ ಹತ್ತಿರ ತಂದು, ಅಂಚನ್ನು ಉಗುರಿನಲ್ಲಿ ಕೆರೆದು ನೋಡಿದರು.

"ಚೆನ್ನಾಗಿದೆ ಅಲ್ವಾ ಆಂಟಿ?"

"ಇರಮ್ಮ, ನೋಡ್ತಿದೀನಿ" ಎಂದು ಇನ್ನೊಂದು ಚೂರು ಬಟ್ಟೆ ತೆಗೆದುಕೊಂಡರು.