ಭಾವನ ಮುಂದೆ ಕೂತ ಪೊಲೀಸ್ ನಾಯಿ

ಇದು ನಡೆದದ್ದನ್ನು ನಡೆದ ಹಾಗೇ ಹೇಳುವ ಕಥೆ. ಉಪ್ಪುಖಾರ ಬಿದ್ದಿದ್ದರೆ ರುಚಿಗೆ ತಕ್ಕಷ್ಟು ಮಾತ್ರ.

ಗಡಿಯಾರ ರಿಪೇರಿಯವನಿಗೆ ಆ ಭಾನುವಾರ ಬೆಳಿಗ್ಗೆಯೇ ಮೂಗಿನ ತುದಿಯಲ್ಲಿ ಕೋಪ. ಪೊಲೀಸ್ ಶ್ವಾನದಳದಲ್ಲಿ ಕೆಲಸ ಮಾಡುವ ಬಾಮೈದ, ಎಂಟು ವರ್ಷ ಬಾಂಬು ಹುಡುಕಿ ನಿವೃತ್ತಳಾದ ಹೆಣ್ಣುನಾಯಿಯೊಂದನ್ನು ಕರೆತಂದು ನಡುಮನೆಯಲ್ಲಿ ನಿಂತಿದ್ದ. ನಾಳೆ ದಳದಲ್ಲಿನ ಅವಳ ಗೂಡಿಗೆ ಹೊಸ ನಾಯಿ ಬರುತ್ತದೆ. ಬಾಮೈದನ ಮನೆ ಮೂರನೇ ಮಹಡಿ. ಅವಳಿಗೆ ಮೆಟ್ಟಿಲು ಹತ್ತಲಾಗದು. ಅವನ ಅಕ್ಕ, ಅಂದರೆ ರಿಪೇರಿಯವನ ಹೆಂಡತಿ, ಆಗಲೇ ಒಪ್ಪಿದ್ದಳು. ಭಾವ ಒಪ್ಪದಿದ್ದರೆ ಸಂಜೆಗೆ ನಾಯಿ ದೂರದ ಆಶ್ರಯಕ್ಕೆ, ಮುಖಪರಿಚಯವಿಲ್ಲದವರ ನಡುವೆ.

ಭಾವ ಒಪ್ಪುವ ಹಾಗಿರಲಿಲ್ಲ. ಪೊಲೀಸ್ ನಾಯಿಗೆ ಕಚ್ಚುವುದೇ ಕಸುಬು, ಮನೆಮುಂದಿನ ಅಂಗಡಿಗೆ ಬರುವ ಗಿರಾಕಿಗಳು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಶುರುಮಾಡಿದ. ಬಾಮೈದ ತಾಳ್ಮೆಯಿಂದ ತಿಳಿಸಿದ: ಇವಳ ಕಸುಬು ಮೂಸುವುದು. ಬಾಂಬಿನ ವಾಸನೆ ಸಿಕ್ಕರೆ ಬೊಗಳುವುದೂ ಇಲ್ಲ, ಅದರ ಮುಂದೆ ಸುಮ್ಮನೆ ಕೂರುತ್ತಾಳೆ, ಅಷ್ಟೇ.

ಅಷ್ಟರಲ್ಲಿ ಅವಳು ಭಾವನ ಬಳಿ ಬಂದಳು. ಮುಖ ನೋಡಿದಳು. ಕೂತಳು.

ಬಾಮೈದ ತನ್ನ ಇನ್ಸ್‌ಪೆಕ್ಟರರ ಗಂಟಲನ್ನೇ ತಂದುಕೊಂಡ. "ಭಾವ, ಅಲ್ಲಾಡ್ಬೇಡಿ. ಜೇಬಲ್ಲಿರೋದನ್ನ ನಿಧಾನಕ್ಕೆ ಕೆಳಗಿಡಿ."

ಭಾವ ಜೇಬಿಗೆ ಕೈ ಹಾಕಿದ. ಅಂಗಿಯಿಂದ ಎರಡು ಚಾಕೊಲೇಟ್ ಹೊರಬಂದವು. ಯಾರೂ ಕೇಳದಿದ್ದರೂ ಪ್ಯಾಂಟಿನಿಂದ ಮೂರನೆಯದು, ಸ್ಕ್ರೂಡ್ರೈವರ್ ಡಬ್ಬಿಯಿಂದ ನಾಲ್ಕನೆಯದು. ಸಕ್ಕರೆ ಕಾಯಿಲೆ ಬಂದ ದಿನವೇ ಸಿಹಿ ಬಿಟ್ಟೆ ಎಂದು ಹೆಂಡತಿಗೆ ಮಾತು ಕೊಟ್ಟವನು.

"ಇಷ್ಟೇ ಕಣೋ. ಇನ್ನೇನೂ ಇಲ್ಲ ಅಂತ ನಾಯಿಗೆ ಹೇಳು."

"ನನಗೂ ಒಂದು ಮಾತು ಹೇಳ್ಬೋದಿತ್ತಲ್ಲ ರೀ," ಎಂದಳು ಹೆಂಡತಿ.

ಬಾಮೈದ ಸ್ವಂತ ಗಂಟಲಿಗೆ ಮರಳಿದ. "ಅವಳು ಏನೂ ಹಿಡಿದಿಲ್ಲ ಭಾವ. ಸೊಂಟ ನೋವು. ತುಂಬಾ ಹೊತ್ತು ನಿಲ್ಲೋಕಾಗಲ್ಲ."

ಭಾವ ಬಗ್ಗಿ ನೋಡಿದ. ನುಣುಪು ನೆಲದ ಮೇಲೆ ಅವಳ ಹಿಂಗಾಲು ಜಾರುತ್ತಿತ್ತು, ನಡುಗುತ್ತಿತ್ತು. ಅವನು ಹತ್ತಿದ ಬಸ್ಸುಗಳ ಕೆಳಗೆಲ್ಲ ಬಾಂಬು ಹುಡುಕಿ ನುಸುಳಿ ಬಂದ ಕಾಲು. ಎದ್ದು ತನ್ನ ಕಂಬಳಿ ತಂದು ಹಾಸಿದ. ಅವಳತ್ತ ಒಂದು ಚಾಕೊಲೇಟ್ ಚಾಚಿದ ಕೈಯನ್ನು ಬಾಮೈದ ತಡೆದ. ನಾಯಿಗೆ ಅದು ವಿಷ.

"ಹಾಗಾದ್ರೆ ನಮ್ಮಿಬ್ರಿಗೂ ಒಂದೇ ಪಥ್ಯ," ಎಂದ ಭಾವ. "ಇಲ್ಲೇ ಇರ್ಲಿ ಬಿಡು."

ಓದುಗರೇ, ನಿಮ್ಮೂರಿನ ಶ್ವಾನದಳದಲ್ಲೂ ಇಂಥ ಅಜ್ಜಿಯೊಬ್ಬಳು ಮನೆಗಾಗಿ ಕಾಯುತ್ತಿರಬಹುದು. ಹೋಗಿ ವಿಚಾರಿಸಿ. ಸಾಕಲು ಆಗದಿದ್ದರೆ ಔಷಧಿಗೋ ಹಾಸಿಗೆಗೋ ನೆರವಾಗಿ, ಏನು ಬೇಕೆಂದು ದಳದವರನ್ನೇ ಕೇಳಿ. ಕೆಲಸದಲ್ಲಿರುವ ನಾಯಿ ಕಂಡರೆ ಸೀಟಿ ಹೊಡೆಯಬೇಡಿ, ತಿನ್ನಲು ಕೊಡಬೇಡಿ, ದಾರಿ ಬಿಡಿ. ಇಂಥ ನಾಯಿ ಕಚ್ಚುತ್ತದೇನೋ ಎಂದು ಇನ್ನೂ ಅನುಮಾನವಿದ್ದರೆ ಗಡಿಯಾರದ ಅಂಗಡಿಗೆ ಬನ್ನಿ. ಅವಳು ಬಾಗಿಲಲ್ಲೇ ಮಲಗಿರುತ್ತಾಳೆ. ಭಾವ ತಾನು ಜೇಬು ಬರಿದು ಮಾಡಿದ್ದನ್ನು ನಟಿಸಿ ತೋರಿಸುತ್ತಾನೆ. ನೀವು ನಗುವ ಮೊದಲೇ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಒರಗಿರುತ್ತಾನೆ.