ಮೊದಲೇ ಬಂದವನು

ಲಿಫ್ಟ್ ರಿಪೇರಿ ಮಾಡುವ ಒಬ್ಬ ಮನುಷ್ಯ ಮದುವೆಯಾದ ಮೂರನೇ ವರ್ಷಕ್ಕೆ ಹೆಂಡತಿಯನ್ನು ಹೊರದೇಶಕ್ಕೆ ಕಳಿಸಿಕೊಟ್ಟ. ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸೋದು ಅವಳ ಕೆಲಸ. ಅಲ್ಲಿನ ಲ್ಯಾಬೊಂದು ಅವಳ ಕೈಚಳಕ ಮೆಚ್ಚಿ ಕರೆಸಿಕೊಂಡಿತ್ತು. ಕೆಲಸ ಕಾಯಂ ಆದಮೇಲೆ ಗಂಡನನ್ನು ಕರೆಸಿಕೊಳ್ಳಲು ಅವಳು ಅರ್ಜಿ ಹಾಕಿದಳು. ಅರ್ಜಿ ಯಾವುದೋ ಮೇಜಿನ ಮೇಲೆ ಹೋಗಿ ಕೂತಿದ್ದು ಮತ್ತೆ ಏಳಲೇ ಇಲ್ಲ. ಫೋನ್ ಮಾಡಿದಾಗೆಲ್ಲ ಇವನ ಮೊದಲ ಮಾತು "ಏನಾದ್ರೂ ಬಂತಾ?" ಎಂದೇ. ಬಂದಿಲ್ಲ ಅಂದಳೆಂದರೆ ಇಬ್ಬರಿಗೂ ಮುಂದೆ ಏನು ಮಾತಾಡಬೇಕು ಅಂತ ತೋಚುತ್ತಿರಲಿಲ್ಲ.

ಅರ್ಜಿ ಅದರ ಪಾಡಿಗಿರಲಿ, ನೋಡಿಕೊಂಡು ಹೋಗೋದಕ್ಕಾದರೂ ಬನ್ನಿ ಎಂದು ಕೊನೆಗೆ ಅವಳೇ ಹೇಳಿದಳು. ಮೇಲಿನವರನ್ನು ಕಾಡಿ ಬೇಡಿ ರಜೆ ಗಿಟ್ಟಿಸಿ, ಪ್ರವಾಸಿ ವೀಸಾದಲ್ಲಿ ಹೊರಟ. ವಿಮಾನ ನಿಲ್ದಾಣದ ಅಧಿಕಾರಿಗೆ ಇವನ ಮೇಲೆ ನಂಬಿಕೆ ಬರಲಿಲ್ಲ. ಅರ್ಜಿ ಬಾಕಿ ಇರುವಾಗ ಬಂದಿದ್ದೀಯ, ಅವಧಿ ಮುಗಿದ ಮೇಲೆ ಹೋಗ್ತೀಯ ತಾನೆ ಎಂದು ತಿರುಗಿಸಿ ಮುರುಗಿಸಿ ಕೇಳಿದ. ಇವನು ಕಲಿತುಕೊಂಡಿದ್ದ ನಾಲ್ಕು ಮಾತಿನಲ್ಲೇ ಹೋಗ್ತೀನಿ ಎಂದು ಒಪ್ಪಿಸಿ, ಬೆರಳಚ್ಚು ಕೊಟ್ಟು ಹೊರಗೆ ಬಂದ.

ಅವಳ ಮನೆ ಇದ್ದದ್ದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಲಿಫ್ಟಿನ ಹಗ್ಗಕ್ಕೆ ಎಣ್ಣೆ ಕಾಣಿಸಿ ಯಾವ ಕಾಲವಾಯಿತೋ ಎಂದುಕೊಳ್ಳುತ್ತಾ ಇವನು ಪೆಟ್ಟಿಗೆ ಎಳೆದುಕೊಂಡು ಹೊರಬಂದಾಗ ಎದುರು ಮನೆಯ ಬಾಗಿಲು ತೆರೆಯಿತು. ಟೀಚರಾಗಿ ನಿವೃತ್ತಿಯಾದ ಮುದುಕಿಯೊಬ್ಬಳು ನಗುನಗುತ್ತಾ ಬಂದು ಇವನ ತೋಳು ತಟ್ಟಿ ಏನೋ ಉದ್ದಕ್ಕೆ ಹೇಳಿದಳು.

"ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದಾರೆ," ಎಂದಳು ಹೆಂಡತಿ, ಬೀಗದ ಕಡೆ ತಿರುಗಿಕೊಂಡು.

ಅಷ್ಟೇ ಕೇಳುವುದಕ್ಕೆ ಮುದುಕಿ ಯಾಕೆ ಮೆಟ್ಟಿಲ ಕಡೆ ಕೈ ತೋರಿಸಿದಳು, ಭಾರದ ಚೀಲ ಎತ್ತುವ ಹಾಗೆ ಯಾಕೆ ಮಾಡಿ ತೋರಿಸಿದಳು ಎನ್ನುವುದು ಇವನಿಗೆ ತಿಳಿಯಲಿಲ್ಲ. ಪ್ರಯಾಣದ ಸುಸ್ತಿನಲ್ಲಿ ಮರೆತೂ ಬಿಟ್ಟ.

ಮಾರನೆಯ ದಿನ ಹೆಂಡತಿ ಕೆಲಸಕ್ಕೆ ಹೋದಮೇಲೆ ಮೂಲೆಯಂಗಡಿಗೆ ಬ್ರೆಡ್ ತರಲು ಹೋದ. ಬಾಯಿ ತೆರೆಯುವ ಮೊದಲೇ ಅಂಗಡಿಯವನು ಒಂದು ಬ್ರೆಡ್ ತೆಗೆದು, ತೆಳ್ಳಗೆ ಕೊಯ್ದು, ಕಟ್ಟಿ ಮುಂದಿಟ್ಟ. ಇವನು ಎಷ್ಟು ಎಂದು ಕೇಳಿದ್ದೇ ತಡ, ಅಂಗಡಿಯವನು ತನ್ನ ಹೆಂಡತಿಯನ್ನು ಕೂಗಿ ಕರೆದು ಇವನನ್ನು ತೋರಿಸಿ ನಗತೊಡಗಿದ. ಅವನಾಡಿದ್ದರಲ್ಲಿ ಇವನಿಗೆ ಅರ್ಥವಾದದ್ದು ಇಷ್ಟೇ: ಇಷ್ಟು ದಿನಕ್ಕೆ ಇವನಿಗೆ ಬಾಯಿ ಬಂತು ನೋಡೇ.

ಬ್ರೆಡ್ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬರುವಷ್ಟರಲ್ಲಿ ಇವನು ಒಂದು ತೀರ್ಮಾನಕ್ಕೆ ಬಂದಿದ್ದ. ಬೇರೊಬ್ಬನಿದ್ದಾನೆ. ನೋಡೋಕೆ ನನ್ನ ಹಾಗೇ ಇರಬೇಕು. ಇಡೀ ದಿನ ಅದನ್ನೇ ಮೆಲುಕು ಹಾಕಿ, ಅವಳು ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿಯೇಬಿಟ್ಟ. ಅವಳು ಸಿಟ್ಟಾಗಲಿಲ್ಲ. ಎಂದೋ ಕೇಳಬೇಕಿದ್ದ ಪ್ರಶ್ನೆ ಈಗ ಬಂತು ಅನ್ನುವ ಹಾಗೆ ಕೂತುಕೊಂಡಳು.

"ಬೇರೆ ಯಾರೂ ಇಲ್ಲ ರೀ. ನೀವೇ."

ಆಮೇಲೆ ನಿಧಾನಕ್ಕೆ ಹೇಳಿದಳು. ಹೋದ ಚಳಿಗಾಲದಲ್ಲಿ ಒಂದು ಸಂಜೆ ಅವಳು ಬಂದಾಗ ಮೆಟ್ಟಿಲ ಮೇಲೆ ಗಂಡ ಕೂತಿದ್ದನಂತೆ. ಹೇಳದೆ ಕೇಳದೆ ಬಂದಿದ್ದಾರೆ ಎಂದು ಓಡಿಹೋಗಿ ಕೈ ಹಿಡಿದರೆ, ಕಬ್ಬಿಣ ಮುಟ್ಟಿದ ಹಾಗೆ ತಣ್ಣಗಿತ್ತಂತೆ. ಒಳಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ಊರಿನಿಂದ ಫೋನ್ ಬಂತು, ಆ ಕಡೆಯಿಂದ ಮಾತಾಡಿದ್ದೂ ಗಂಡನೇ. ಮೊದಮೊದಲು ಹೆದರಿ ಎದುರು ಮನೆಯಲ್ಲಿ ಮಲಗುತ್ತಿದ್ದಳು. ಆದರೆ ಅವರು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದರು. ಮುದುಕಿಯ ಚೀಲ ಎತ್ತಿಕೊಟ್ಟರು. ಬ್ರೆಡ್ ತಂದಿಡತೊಡಗಿದರು. ಬರಬರುತ್ತಾ ಅವಳು ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಳು.

"ಅವರು ಅವರು ಅನ್ನಬೇಡ," ಎಂದ ಇವನು. "ಗಂಡ ನಾನು."

"ಇನ್ನೇನನ್ನಲಿ? ಮುಖ ನಿಮ್ಮದೇ."

ಮಾತಾಡುತ್ತಿತ್ತಾ ಎಂದು ಕೇಳಿದ. ಇಲ್ಲ ಎಂದಳು. ಆಮೇಲೆ ಚಪ್ಪಲಿ ಬಿಚ್ಚುತ್ತಾ, ಒಂದೇ ಒಂದು ಸಲ ಮಾತಾಡಿದ್ದರು ಎಂದಳು. "'ಏನಾದ್ರೂ ಬಂತಾ' ಅಂತ ಕೇಳಿದ್ರು."

ನನಗ್ಯಾಕೆ ಹೇಳಲಿಲ್ಲ ಎಂದು ಇವನು ಕೇಳಿದ್ದಕ್ಕೆ, ಗಂಡ ಆಗಲೇ ಮನೆಗೆ ಬಂದಿದ್ದಾನೆ ಅಂತ ಗೊತ್ತಾದರೆ ಅರ್ಜಿಯನ್ನು ಯಾರು ಪಾಸ್ ಮಾಡ್ತಾರೆ ಎಂದು ನಗಲು ನೋಡಿದಳು. ನಗು ಬರಲಿಲ್ಲ. ನೀವು ಫೋನ್ ಇಟ್ಟಮೇಲೆ ಈ ಮನೆ ಹೇಗಿರುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ ಎಂದು ಅತ್ತಳು. ಇವನು ಅವಳ ಬೆನ್ನು ಸವರುತ್ತಾ ಕೂತ. ನೀವು ಬಂದಾಯಿತಲ್ಲ, ಇನ್ನು ಬರಲ್ಲ ಎಂದು ಅವಳೇ ಸಮಾಧಾನ ಹೇಳಿದಳು.

ಹೇಳಿದ ಹಾಗೇ ಯಾರೂ ಬರಲಿಲ್ಲ. ಇಬ್ಬರೂ ಸಂತೆಗೆ, ನದಿ ದಂಡೆಗೆ ಸುತ್ತಿದರು. ಅವಳು ಇವನ ಗೊರಕೆಯನ್ನು ಬೈದಳು. ಇವನು ಅವಳ ಲ್ಯಾಬಿಗೂ ಹೋಗಿ ಸಾಲಾಗಿ ಜೋಡಿಸಿಟ್ಟ ಹಲ್ಲಿನ ಸೆಟ್ಟುಗಳನ್ನು ನೋಡಿ, ಇವೆಲ್ಲ ಯಾರನ್ನು ನೋಡಿ ನಗುತ್ತಿವೆ ಎಂದು ಕೇಳಿ ಅಲ್ಲಿದ್ದವರನ್ನು ನಗಿಸಿದ.

ವೀಸಾದ ಅವಧಿ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಇವನು ಹಾಲು ತಂದು, ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದ. ಬಾಗಿಲು ತೆರೆದೇ ಇತ್ತು. ಹೆಂಡತಿ ಕೈಯಲ್ಲಿ ಕಾಫಿಯ ಗಾಜಿನ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದಳು. ಕುರ್ಚಿಯಲ್ಲಿ ಕೂತವನ ಬೆನ್ನು ಬಾಗಿಲ ಕಡೆಗಿತ್ತು. ನೆತ್ತಿಯಲ್ಲಿ ಕೂದಲು ಉದುರಿ ಸಣ್ಣ ಬೋಳು. ನನ್ನ ತಲೆ ಹಿಂದಿನಿಂದ ಹೀಗೆ ಕಾಣುತ್ತಾ ಎಂದೇ ಇವನಿಗೆ ಮೊದಲು ಅನಿಸಿದ್ದು. ಹೆಂಡತಿ ಬಾಗಿಲ ಕಡೆ ನೋಡಿದಳು, ಕುರ್ಚಿಯ ಕಡೆ ನೋಡಿದಳು. ಲೋಟ ಕೈಯಿಂದ ಜಾರಿತು.

ಕೂತವನು ಎದ್ದ. ಅವಸರವಿಲ್ಲದೆ ಬಂದು, ಇವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದ ದಾಟಿ ಮೆಟ್ಟಿಲಿಳಿದ. ಲಿಫ್ಟಿಗೆ ಹಾಕುವ ಗ್ರೀಸಿನ ವಾಸನೆ ಬಂತು. ಪಾಳಿ ಮುಗಿಸಿದ ಕೆಲಸಗಾರ ಇನ್ನೊಬ್ಬನಿಗೆ ಜಾಗ ಬಿಟ್ಟುಕೊಡುವ ಹಾಗೆ ಒಮ್ಮೆ ತಲೆಯಾಡಿಸಿದ್ದ. ಇವನು ಹಿಂದೆಯೇ ಓಡಿದ. ಕೆಳಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಮೇಲೆ ಬಂದಾಗ ಹೆಂಡತಿ ಗಾಜಿನ ಚೂರು ಆರಿಸುತ್ತಿದ್ದಳು. ನಿಮ್ಮನ್ನು ನೆನೆಸಿಕೊಂಡಿದ್ದಕ್ಕೆ ಬರ್ತಿದ್ದಾರೆ ಅಂದುಕೊಂಡಿದ್ದೆ ಎಂದಳು. ಆಮೇಲೆ ಬಂದುಹೋದವನನ್ನು ಮೊದಲ ಸಲ ಏಕವಚನದಲ್ಲಿ ಕರೆದಳು.

"ನೀವಿಲ್ಲಿ ಇರುವಾಗಲೂ ಅವನು ಬಂದ. ಅಂದ್ರೆ ಅವನಿಗೆ ನಿಮ್ಮ ಅವಶ್ಯಕತೆ ಇಲ್ಲ. ನನಗೆ ಇಲ್ಲಿರೋಕೆ ಆಗಲ್ಲ ರೀ, ನಾನೂ ಬಂದ್ಬಿಡ್ತೀನಿ."

ಕಾಯಂ ಕೆಲಸ ಬಿಡೋದು ಬೇಡ, ಬೇರೆ ಮನೆ ಹಿಡಿ ಎಂದು ಇವನು ಒಂದೆರಡು ಸಲ ಹೇಳಿದ. ಅವಳು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಇವನಿಗೂ ಅದೇ ಬೇಕಾಗಿತ್ತು. ಲ್ಯಾಬಿನವರು ಬೇಸರದಿಂದಲೇ ಕಳಿಸಿಕೊಟ್ಟರು. ಇಬ್ಬರೂ ಒಂದೇ ವಿಮಾನದಲ್ಲಿ ಊರಿಗೆ ಬಂದರು.

ಅವಳಿಗೆ ಊರಿನ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸ ಸಿಕ್ಕಿತು. ಮನೆಯಲ್ಲಿ ಊಟಕ್ಕೆ ಮತ್ತೆ ಎರಡು ತಟ್ಟೆ ಬೀಳತೊಡಗಿದವು. ಎಲ್ಲ ಒಂದು ದಾರಿಗೆ ಬಂದಮೇಲೆ, ಹಾಕಿದ ಅರ್ಜಿಯನ್ನು ಹಾಗೇ ಬಿಡೋದು ಬೇಡ ಎಂದು ಒಂದು ಮಧ್ಯಾಹ್ನ ಅವಳು ಆ ದೇಶದಲ್ಲಿದ್ದ ಕಚೇರಿಗೇ ಫೋನ್ ಮಾಡಿದಳು. ಇವನು ಪಕ್ಕದಲ್ಲೇ ಕೂತಿದ್ದ. ಅರ್ಜಿ ವಾಪಸ್ ತಗೋಬೇಕು ಎಂದು ಅವಳು ಹೇಳಿದಳು. ಆ ಕಡೆಯ ಗುಮಾಸ್ತೆ ಏನೋ ಹುಡುಕಿ, ಖುಷಿಯ ದನಿಯಲ್ಲಿ ಉತ್ತರ ಕೊಟ್ಟಳು. ಹೆಂಡತಿ ಇನ್ನೊಮ್ಮೆ ಕೇಳಿದಳು. ಅದೇ ಉತ್ತರ ಬಂತು. ಫೋನ್ ಕೆಳಗಿಟ್ಟಳು.

"ಏನಂತೆ?" ಎಂದ.

"ಅರ್ಜಿ ಪಾಸಾಗಿದೆಯಂತೆ. ಹೋದ ವಾರ ನನ್ನ ಗಂಡನೇ ಖುದ್ದಾಗಿ ಬಂದು, ಬೆರಳಚ್ಚು ಕೊಟ್ಟು, ಅಲ್ಲಿ ಇರೋಕೆ ಕೊಡೋ ಕಾರ್ಡ್ ತಗೊಂಡು ಹೋದನಂತೆ."

ಬೆರಳಚ್ಚು ನನ್ನದಕ್ಕೆ ಸರಿಹೊಂದಿತಾ ಎಂದು ಕೇಳಬೇಕೆನಿಸಿತು ಇವನಿಗೆ. ಕೇಳಲಿಲ್ಲ. ಹೆಂಡತಿ ಎದ್ದುಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದಳು.