ಎರವಲು ಜಾಣರು

“ಲೇ ಅಧ್ಯಕ್ಷ, ಕಣ್ಣು ಎಲ್ಲಿಟ್ಟಿಯಲೇ? ಕುರ್ಚಿ ಸಂದ್ಯಾಗ ಧೂಳಾ ಹಂಗೇ ಅದ. ಒರಸಲೇ ಸೂಳಿಮಗನ, ಮೇಡಮ್ಮೋರು ಬರೂ ಹೊತ್ತಾತು!”

ಬೈದವರು ಸಾವಕಾರ ಶಂಭುಲಿಂಗಪ್ಪ. ಒರೆಸಿದವನು ಅವರ ಹೊಲದ ಆಳು ಹುಲಗಪ್ಪ. ಅವನು ಈ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷನೂ ಹೌದು. ಕುರ್ಚಿಯ ಬೆನ್ನಿಗೆ ‘ಅಧ್ಯಕ್ಷರು’ ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಆ ಕುರ್ಚಿಯ ಪರಿಚಯ ಹುಲಗಪ್ಪನ ಟವೆಲ್ಲಿಗೆ ಚೆನ್ನಾಗಿತ್ತು, ಅವನ ಕುಂಡೆಗೆ ಮಾತ್ರ ಇನ್ನೂ ಆಗಿರಲಿಲ್ಲ.

ಅಧ್ಯಕ್ಷಗಿರಿ ಬಂದದ್ದೂ ಒಂದು ತಮಾಷೆಯೇ. ಊರಿನ ಉಳ್ಳವರ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ದೇವದುರ್ಗದ ಇಂಗ್ಲಿಷ್ ಶಾಲೆಗೆ ಹೋಗತೊಡಗಿದ ಮೇಲೆ ಇಲ್ಲಿ ಉಳಿದದ್ದು ಕೇರಿಯ ಮಕ್ಕಳಷ್ಟೇ. ಮಗು ಇಲ್ಲಿ ಓದುತ್ತಿದ್ದರೆ ಮಾತ್ರ ಅಪ್ಪ ಅಧ್ಯಕ್ಷನಾಗಬಹುದು ಎಂಬುದು ಸರ್ಕಾರದ ಕಾನೂನು. ಸಾವಕಾರರು ತಲೆ ಕೆರೆದುಕೊಂಡು ತಮ್ಮ ಆಳನ್ನೇ ಅಧ್ಯಕ್ಷ ಮಾಡಿದರು. ಎತ್ತಿಗೆ ಹಿತ್ತಾಳೆಯ ಕೊಂಬಣಸು ತೊಡಿಸಿದರೆ ನೊಗವೇನು ತಪ್ಪುತ್ತದೆಯೇ? ಹುಲಗಪ್ಪ ಮಾತ್ರ ಆ ದಿನ ಕೇರಿಯವರಿಗೆಲ್ಲ ಚಹಾ ಕುಡಿಸಿದ್ದ. ಅದನ್ನು ನೆನೆದರೆ ಈಗಲೂ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ವರ್ಷಕ್ಕೊಮ್ಮೆ ಅಧಿಕಾರಿಗಳು ಬಂದು ಮಕ್ಕಳಿಂದ ಓದಿಸಿ ನೋಡುತ್ತಾರೆ. ಅವತ್ತು ಹಳದಿ ವ್ಯಾನು ದೇವದುರ್ಗಕ್ಕೆ ಹೋಗುವುದಿಲ್ಲ, ಇದೇ ಶಾಲೆಯ ಮುಂದೆ ನಿಲ್ಲುತ್ತದೆ, ಅದರಲ್ಲಿ ಬಂದ ಮಕ್ಕಳು ಕೇರಿಯ ಮಕ್ಕಳ ಹೆಸರಿನಲ್ಲಿ ಓದುತ್ತವೆ. ಸರ್ಕಾರ ಕೇರಿಯ ಮಕ್ಕಳಿಗೆಂದು ಕಳಿಸಿದ ಎರಡನೇ ಜೊತೆ ಸಮವಸ್ತ್ರ ಅವತ್ತೇ ಬೀರುವಿನಿಂದ ಹೊರಬರುವುದು. ಕೇರಿಯ ಮಕ್ಕಳು ತೊಟ್ಟು ಬಿಟ್ಟದ್ದನ್ನು ಸಾವಕಾರರ ಮೊಮ್ಮಕ್ಕಳು ಮುಟ್ಟುವುದುಂಟೆ? ಅದಕ್ಕೇ ಹೊಸದು. ಕೇರಿಯ ಮಕ್ಕಳು ಅವತ್ತು ಸಾವಕಾರರ ಹೊಲದಲ್ಲಿ ಹತ್ತಿ ಬಿಡಿಸುತ್ತವೆ. ಹೋದ ವರ್ಷ ಅವನ್ನು ಸಾಲಾಗಿ ಅಟ್ಟಿಕೊಂಡು ಹೋದವನು ಸ್ವತಃ ಅಧ್ಯಕ್ಷ ಹುಲಗಪ್ಪ.

ಆಮೇಲೆ ಅವನು ದೇವದುರ್ಗದ ಕಚೇರಿಗೆ ಹೋಗಿ, “ಐದು ಕ್ಲಾಸಿಗೆ ಒಬ್ರೇ ಮಾಸ್ತರ ಅದಾರ್ರಿ, ಇನ್ನೊಬ್ರನ್ನ ಕೊಡ್ರಿ ಸಾಹೇಬ್ರ” ಎಂದು ಕೈಮುಗಿದಿದ್ದ. ಸಾಹೇಬರು ನಕ್ಕಿದ್ದರು. “ನಿಮ್ಮೂರ ಹುಡುಗ್ರು ಗಿಳಿ ಹಂಗ ಓದ್ತಾವಲ್ಲೋ! ಓದಾಕ ಬರ್ಲಾರದ ಸಾಲಿಗೆ ಮೊದ್ಲು ಕೊಡ್ಬೇಕು.” ಹುಲಗಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತ ಬಂದಿದ್ದ. ಮಗಳು ಮಲ್ಲೇಶ್ವರಿ ನಾಲ್ಕನೇ ಕ್ಲಾಸು, ಒತ್ತಕ್ಷರ ಬಂದರೆ ಗಾಡಿ ಹೂತಂತೆ ನಿಲ್ಲುತ್ತಾಳೆ. ಮಾಸ್ತರರಾದರೂ ಏನು ಮಾಡಿಯಾರು?

ಈ ವರ್ಷವೂ ಮಕ್ಕಳನ್ನು ಹೊಲಕ್ಕೆ ಮುಟ್ಟಿಸಿದ. ಹೆಂಡತಿ ಸೌಭಾಗ್ಯ ಆಗಲೇ ಸಾಲು ಹಿಡಿದಿದ್ದಳು. ಮಲ್ಲೇಶ್ವರಿ ಉಡಿ ಕಟ್ಟಿಕೊಂಡು ಕೇಳಿದಳು:

“ಯಪ್ಪಾ, ಸಾವಕಾರ್ರ ಅನುರಾಧಾ ಓದಿದ್ರ ನಾ ಓದಿದಂಗ ಆಗ್ತದೇನು?”

ಹುಲಗಪ್ಪ ತಲೆಯೆತ್ತಿ ನೋಡಿದ. ಕಾಲುವೆ ದಾರಿಯಲ್ಲಿ ಅಧಿಕಾರಿಗಳ ಜೀಪು ಶಾಲೆಯ ಕಡೆ ತಿರುಗುವುದು ಕಾಣುತ್ತಿತ್ತು.

“ನಡೀರಿ ಎಲ್ರೂ ಸಾಲಿಗೆ,” ಎಂದ.

ಸೌಭಾಗ್ಯ ಬಂದು ಅಡ್ಡ ನಿಂತಳು. “ತೆಲಿ ಕೆಟ್ಟದೇನು ನಿನಗ? ನಾಳಿ ಯಾರ ಹೊಲಕ್ಕ ಹೋಗ್ತಿ? ಏನ್ ತಿಂತಿ?”

“ಎಲ್ಡು ವರ್ಷ ಧೂಳಾ ತಿಂದೀನಿ. ಅದನ್ನೇ ತಿಂತೀನಿ ಬಿಡು.”

ಶಾಲೆಯಲ್ಲಿ ಅಧಿಕಾರಿ ಶೈಲಶ್ರೀ ಮೇಡಂ ಮುಂದೆ ಸಾವಕಾರರ ಮೊಮ್ಮಗಳು ಅನುರಾಧಾ ಮಡಿಕೆ ಬಿಡದ ಹೊಸ ಸಮವಸ್ತ್ರ ತೊಟ್ಟು ಪಟಪಟನೆ ಓದುತ್ತಿದ್ದಳು. ‘ಅಧ್ಯಕ್ಷರು’ ಎಂದು ಬರೆದ ಕುರ್ಚಿಯಲ್ಲಿ ಸಾವಕಾರರು ಕಾಲ ಮೇಲೆ ಕಾಲು ಹಾಕಿ ಕೂತು ತಲೆದೂಗುತ್ತಿದ್ದರು. ಅಷ್ಟರಲ್ಲಿ ಹರಕು ಅಂಗಿಯ, ತಲೆತುಂಬ ಹತ್ತಿಯ ಎಳೆ ಅಂಟಿದ ಮಕ್ಕಳ ಹಿಂಡು ಒಳಗೆ ನುಗ್ಗಿತು.

“ಇವರ್ಯಾರು?” ಎಂದರು ಮೇಡಂ.

ಉದಯಕುಮಾರ ಮಾಸ್ತರರು ಕರಿಹಲಗೆಯ ಕಡೆ ಮುಖ ತಿರುಗಿಸಿದರು.

“ಈ ಸಾಲಿ ಹುಡುಗ್ರು ಇವೇ ನೋಡ್ರಿ ಮೇಡಮ್ಮೋರ,” ಎಂದ ಹುಲಗಪ್ಪ. “ಅವು ವ್ಯಾನಿನವು. ಇವತ್ತೊಂದಿನ ಎರವಲು ತಂದೀವ್ರಿ.”

ಸಾವಕಾರರು ಕುರ್ಚಿ ಬಿಟ್ಟು ದಡಕ್ಕನೆ ಎದ್ದರು. “ಲೇ ಹುಲಗ್ಯಾ! ನಿಮ್ಮ...” ಹೆಣ್ಣುಮಗಳು ಎದುರಿಗಿದ್ದುದರಿಂದ ಉಳಿದದ್ದನ್ನು ನುಂಗಿಕೊಂಡರು. “ಹೊರಗ ನಡಿಯಲೇ! ಊರ ಮಾನ ಕಳೀತಿಯೇನು? ಇವಕ್ಕ ಎಲ್ಡಕ್ಷರ ಓದಾಕ ಬರಂಗಿಲ್ಲ!”

“ಅದನ್ನೇ ತೋರ್ಸಾಕ ಕರಕೊಂಡ್ ಬಂದೀನ್ರಿ ಸಾವಕಾರ್ರ. ಪಾಸಾಗೂದು ಹೆಂಗೂ ನಿಮ್ಮವು ಆಗ್ತಾವ. ನಮ್ಮ ಫೇಲು ನಮಗ ಬಿಟ್ಟುಬಿಡ್ರಿ.”

ಅಷ್ಟು ಹೇಳಿ ನೋಡಿದರೆ ಕುರ್ಚಿ ಖಾಲಿ ಇತ್ತು. ಹುಲಗಪ್ಪ ಕೂತುಬಿಟ್ಟ. ಒಂದು ಕಾಲು ಗಿಡ್ಡ, ಕುರ್ಚಿ ಓಲಾಡುತ್ತಿತ್ತು. ಇದಕ್ಕಾಗಿ ಎರಡು ವರ್ಷ ಟವೆಲ್ಲು ಸವೆಸಿದೆನೇ ಎಂದು ಅವನಿಗೆ ನಗು ಬಂತು. ನಡುಗುತ್ತಿರುವುದು ಅದರ ಕಾಲೋ ತನ್ನ ಕಾಲೋ ಎಂಬುದು ಮಾತ್ರ ಅವನಿಗೇ ತಿಳಿಯಲಿಲ್ಲ.

“ಓದವ್ವಾ,” ಎಂದ ಮಗಳಿಗೆ.

ಮಲ್ಲೇಶ್ವರಿ ಅನುರಾಧಾಳ ಕೈಯಿಂದ ಪುಸ್ತಕ ತೆಗೆದುಕೊಂಡಳು. “ಒಂದು... ಊರಿನಲ್ಲಿ... ಒಬ್ಬ... ವ... ವಾ...” ಅಲ್ಲಿಗೆ ನಿಂತಳು. ಬೆವರಿದ ಬೆರಳು ಆ ‘ವ್ಯಾಪಾರಿ’ಯ ಮೇಲೆಯೇ ಉಳಿಯಿತು. ಹುಲಗಪ್ಪ ಕಣ್ಣು ಕೆಳಗಿಳಿಸಲಿಲ್ಲ.

ಹೊರಗೆ ಹೋದ ಸಾವಕಾರರು ಫೋನಿನಲ್ಲಿ ಕೂಗುತ್ತಿದ್ದರು: “ನಾಳಿಂದ ಕೇರಿಯವರು ಒಬ್ಬರೂ ಹೊಲದಾಗ ಕಾಲಿಡಬಾರ್ದು! ಮಾನ್ವಿ ಕಡಿಂದ ಆಳು ತರಸು!” ಬಾಗಿಲಲ್ಲಿ ಬಂದು ನಿಂತಿದ್ದ ಸೌಭಾಗ್ಯ ಸೆರಗು ಬಾಯಿಗೊತ್ತಿಕೊಂಡಳು.

“ಸಾಕು ಪುಟ್ಟಿ, ಕೂತ್ಕೋ,” ಎಂದರು ಮೇಡಂ.

“ಸಾಕನ್ನಬ್ಯಾಡ್ರಿ ಮೇಡಮ್ಮೋರ,” ಎಂದ ಹುಲಗಪ್ಪ, ಓಲಾಡುವ ಕುರ್ಚಿಯನ್ನು ಪಾದದಿಂದ ಒತ್ತಿ ಹಿಡಿದು. “ಇನ್ನೂ ಭಾಳ ಮಂದಿ ಅದಾರ. ಎಲ್ಲಾರೂ ಫೇಲಾಗ್ಲಿ, ಕುಂದುರ್ರಿ. ಏಳೋ ಉಮೇಶ, ನೀ ಓದು.”